ಬೆರಳಡಿಯ ಸ್ವಿಚ್ಚು
ಮಾದರಿ ವಿಮಾನ ಹಾರಿಸಲು ಕಲಿಸುವ ಸಾಧನಗಳಲ್ಲಿ ಎರಡು ಟ್ರಾನ್ಸ್‌ಮಿಟರುಗಳನ್ನು ಬೆಸೆಯುವ ಟ್ರೈನರ್ ಕೇಬಲ್ಲಿಗೆ ಸಾಟಿಯಿಲ್ಲ. ಶಿಷ್ಯನ ಸ್ಟಿಕ್ಕುಗಳ ಸ್ಥಿತಿ ಸಾಮಾನ್ಯವಾಗಿ ಸೆಕೆಂಡಿಗೆ 40ರಿಂದ 50 ಸಲ ತಂತಿಯಲ್ಲಿ ಹರಿದು ಗುರುವಿನ ಪೆಟ್ಟಿಗೆ ಸೇರುತ್ತದೆ. ವಿಮಾನದೊಡನೆ ಮಾತಾಡುವುದು ಆ ಒಂದೇ ಪೆಟ್ಟಿಗೆ. ಗುರು ಸ್ಪ್ರಿಂಗ್ ಸ್ವಿಚ್ಚನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಶಿಷ್ಯನದು, ಬಿಟ್ಟ ಕ್ಷಣ ಗುರುವಿನದು. ಜಾಣತನವಿರುವುದು ಇಲ್ಲೇ: ಗಾಬರಿಯಲ್ಲಿ ಏನನ್ನೂ ಹುಡುಕಿ ಒತ್ತಬೇಕಿಲ್ಲ, ಬೆರಳು ಸಡಿಲಿಸಿದರೆ ಸಾಕು. ವಿಮಾನ ನಮ್ಮತ್ತ ಮುಖಮಾಡಿ ಬರುವಾಗ ಎಡಬಲ ಅದಲುಬದಲಾಗಿ ಕಾಣುತ್ತದೆ. ಹೊಸಬರು ಮುಗ್ಗರಿಸುವುದು ಅಲ್ಲೇ. ಆಗ ಟ್ರಾನ್ಸ್‌ಮಿಟರನ್ನು ಕೈಯಿಂದ ಕೈಗೆ ದಾಟಿಸುವಷ್ಟು ಪುರುಸೊತ್ತು ಎಲ್ಲಿದೆ?

ಸಿಮ್ಯುಲೇಟರ್ ಇರುವಾಗ ಇದೇಕೆ ಎನ್ನುವವರಿದ್ದಾರೆ. ಬೆರಳಿಗೆ ರೂಢಿ ಮಾಡಿಸಲು ಅದು ಒಳ್ಳೆಯದೇ. ಆದರೆ ಗುಂಡಿ ಒತ್ತಿದರೆ ಮುರಿದ ವಿಮಾನ ಮರಳಿ ಬರುವ ಕಡೆ ಅಂಜಿಕೆ ಹುಟ್ಟದು. ಅಂಜಿಕೆಯಲ್ಲೂ ಕೈ ಹಗುರವಾಗಿರಬೇಕೆಂಬ ಪಾಠ ಬಯಲಲ್ಲೇ ಆಗಬೇಕು. ಶಿಷ್ಯ ಪರಾವಲಂಬಿಯಾಗುತ್ತಾನೆಂಬ ಆಕ್ಷೇಪದಲ್ಲಿ ಹುರುಳಿದೆ, ಆದರೆ ಆ ದೋಷ ತಂತಿಯದಲ್ಲ, ಸಾಕಷ್ಟು ಎತ್ತರವಿದ್ದಾಗಲೂ ಶಿಷ್ಯನಿಗೆ ತಪ್ಪು ತಿದ್ದಿಕೊಳ್ಳಲು ಬಿಡದ ಅವಸರದ ಗುರುವಿನದು. ಈಗ ತಂತಿಯಿಲ್ಲದ ಜೋಡಣೆಯೂ ಬಂದಿದೆ. ಯಾವುದಾದರೂ ಸರಿ, ನೆಲದಲ್ಲೇ ಸ್ವಿಚ್ ಒತ್ತಿ, ಶಿಷ್ಯನ ಸ್ಟಿಕ್ಕಿಗೆ ರೆಕ್ಕೆಯಂಚಿನ ಪಟ್ಟಿಯಾದ ಏಲಿರಾನ್ ಸರಿಯಾದ ಕಡೆ ಏಳುತ್ತದೆಯೇ, ಎರಡೂ ಪೆಟ್ಟಿಗೆಗಳ ಟ್ರಿಮ್, ಅಂದರೆ ಸ್ಟಿಕ್ಕಿನ ನಡುಸ್ಥಿತಿಯ ಸಣ್ಣ ಹೊಂದಾಣಿಕೆ, ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡದೆ ಹಾರಿಸಬೇಡಿ.