ಗಾಳಿ ಬೆರೆಸುವ ಶವರ್

ಪಾವಗಡದ ಶನೈಶ್ಚರ ದೇವಸ್ಥಾನದಲ್ಲಿ ಶನಿವಾರ ಬಂತೆಂದರೆ ಜನವೋ ಜನ. ಹಿಂದಿನ ರಾತ್ರಿಯೇ ಬಂದು ಲಾಡ್ಜ್ ಹಿಡಿದವರು ಬೆಳಗಿನ ಜಾವ ಒಟ್ಟಿಗೇ ಸ್ನಾನಕ್ಕಿಳಿಯುತ್ತಾರೆ. ಬೋರ್‌ವೆಲ್‌ಗಳು ಪಾತಾಳ ಕಂಡಿರುವ ಸೀಮೆಯಿದು. ಇಂಥ ಕಡೆ ನೀರಿಗೆ ಗಾಳಿ ಬೆರೆಸುವ ಶವರ್ ನನಗೆ ಬಲು ಮೆಚ್ಚುಗೆಯ ವಸ್ತು.

ಅದರ ಜಾಣತನ ನೋಡಿ. ದಾರಿ ಕಿರಿದಾದಂತೆ ನೀರಿನ ವೇಗ ಹೆಚ್ಚುತ್ತದೆ. ಆ ರಭಸ ಪಕ್ಕದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹನಿ ಉಬ್ಬಿ ಮೈಮೇಲೆ ಬೀಳುವಾಗ ನೀರು ಕಡಿಮೆಯೆಂದು ಗೊತ್ತೇ ಆಗುವುದಿಲ್ಲ. ನಿಮಿಷಕ್ಕೆ 15 ಲೀಟರ್ ಸುರಿಸುವ ಶವರ್ ತೆಗೆದು 6 ಲೀಟರಿನದು ಹಾಕಿದರೆ ಐದು ನಿಮಿಷದ ಸ್ನಾನದಲ್ಲಿ 45 ಲೀಟರ್ ಉಳಿಯಿತು. ಅಷ್ಟನ್ನು 15 ಡಿಗ್ರಿ ಬಿಸಿ ಮಾಡಲು ಗೀಸರ್ ನುಂಗುವ ಮುಕ್ಕಾಲು ಯೂನಿಟ್ ಕರೆಂಟೂ ಉಳಿಯಿತು. ತಿರುಮಣಿಯ 2050 ಮೆಗಾವಾಟ್ ಸೋಲಾರ್ ಪಾರ್ಕ್ ಇದೇ ತಾಲ್ಲೂಕಿನಲ್ಲಿದ್ದರೇನು, ಲಾಡ್ಜಿಗೆ ಬಿಲ್ ತಪ್ಪುತ್ತದೆಯೇ!

2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಹೋಟೆಲ್, ಮಾಲ್‌ಗಳ ನಲ್ಲಿಗೆ ಹೀಗೇ ಗಾಳಿ ಬೆರೆಸುವ ಏರೇಟರ್ ಕಡ್ಡಾಯ ಮಾಡಿತು. ಶಿರಾದ ಹೆದ್ದಾರಿ ಹೋಟೆಲಿಗೂ ಮಧುಗಿರಿ ಬೆಟ್ಟ ಹತ್ತಲು ಬಂದವರ ಲಾಡ್ಜಿಗೂ ಆದೇಶಕ್ಕೆ ಕಾಯುವ ದರ್ದಿಲ್ಲ. ಶವರ್ ಕೆಳಗೆ 20 ಲೀಟರಿನ ಬಕೆಟ್ ಇಟ್ಟು ನೋಡಲಿ. ಒಂದೂವರೆ ನಿಮಿಷದೊಳಗೆ ತುಂಬಿದರೆ ಬದಲಿಸಬಹುದು.

ತೊಡಕೂ ಉಂಟು. ಗಡಸು ನೀರು ತೂತುಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಆಗಾಗ ಬಿಚ್ಚಿ ನಿಂಬೆರಸದಲ್ಲಿ ನೆನೆಸಬೇಕು. ತಾರಸಿ ಟ್ಯಾಂಕಿಗೆ ಹತ್ತಿರದ ಮೇಲ್ಮಹಡಿಯಲ್ಲಿ ಒತ್ತಡ ಸಾಲದೆ ತೊಟ್ಟಿಕ್ಕುವುದೂ ಉಂಟು. ಅಲ್ಲಿಗೆ ಬಕೆಟ್ಟು, ಮಗ್ಗೇ ಸರಿ.