ಪರ್ಸಿಕಲ್ಲಿನ ಕೋಣೆಯಲ್ಲಿ ಮೂವರ ಮೇಳ

ತತ್ವಪದಗಳ ಬಗ್ಗೆ ಕನ್ನಡದಲ್ಲಿ ನಡೆದಿರುವ ಚರ್ಚೆಯಲ್ಲಿ ಬಹುಪಾಲು ಪದದ ಅರ್ಥಕ್ಕೆ ಸಂದಿದೆ. ಗುರು ಯಾರು, ಬಯಲು ಯಾವುದು, ಒಗಟಿನ ಹಿಂದಿರುವ ಅನುಭಾವ ಎಂಥದು ಎಂದು ವಿದ್ವಾಂಸರು ಶ್ರಮಪಟ್ಟು ಬಿಡಿಸಿದ್ದಾರೆ. ಅದೇ ಪದ ದನಿಯಾಗಿ ಎದುರಿಗೆ ಬಂದಾಗ ಮಾತ್ರ ವಿಮರ್ಶೆ ನಾಲ್ಕು ಹೊಗಳಿಕೆಯಲ್ಲಿ ಮುಗಿದುಹೋಗುತ್ತದೆ: ಆವೇಶ, ಮುಗ್ಧ ಭಕ್ತಿ, ಮಣ್ಣಿನ ಕಸುವು, ಜನಪದರ ಹುಟ್ಟುಗುಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಭಜನಾ ಮೇಳಗಳಿಗೆ ಈ ಹೊಗಳಿಕೆಯಿಂದ ಅನ್ಯಾಯವೇ ಆಗಿದೆ. ಹುಟ್ಟುಗುಣ ಎಂದ ಕೂಡಲೇ ಕಸುಬು ಮರೆಯಾಗುತ್ತದೆ. ಈ ಮೇಳಗಳ ದನಿಯಲ್ಲಿರುವ ಬಿರುಸು ಹಾಡುವವರು ತಿಳಿದೇ ಕಟ್ಟಿಕೊಂಡದ್ದು. ಕಡಿಮೆ ವಾದ್ಯ, ವಾದ್ಯ ವಾದ್ಯದ ನಡುವೆ ಉಳಿಸಿಕೊಂಡ ತೆರಪು, ಹತ್ತಿರದ ಗೋಡೆ ಈ ಮೂರರಿಂದ ಅದು ಹುಟ್ಟುತ್ತದೆ. ಅಮೆರಿಕದ ಊರೂರಿನ ಹುಡುಗರು 1960ರ ದಶಕದಲ್ಲಿ ಮನೆಯ ಕಾರುಕೋಣೆಯಲ್ಲಿ ಕೂತು ಕಟ್ಟಿದ, ಮುಂದೆ ಗರಾಜ್ ರಾಕ್ ಎಂದು ಹೆಸರಾದ ಸಂಗೀತವನ್ನು ಯಾವ ಗಂಭೀರತೆಯಿಂದ ಕೇಳುತ್ತಾರೋ ಅದೇ ಗಂಭೀರತೆಯಿಂದ ಈ ದನಿಯನ್ನೂ ಕೇಳಬೇಕು.

ಮೇಳದಲ್ಲಿ ಎಂಟು ಹತ್ತು ಜನ ಇರಬಹುದು. ಇಂದು ಹಾರ್ಮೋನಿಯಂ, ತಬಲಾ ಇರುವುದೇ ಹೆಚ್ಚು. ಆದರೂ ಪದರು ಪದರಾಗಿ ಬಿಡಿಸುತ್ತ ಹೋದರೆ ಕೊನೆಗೆ ಉಳಿಯುವುದು ಮೂವರು: ಏಕತಾರಿ ಹಿಡಿದು ಸೊಲ್ಲೆತ್ತುವವನು, ದಮ್ಮಡಿಯವನು, ತಾಳದವನು. ಏಕತಾರಿಗೆ ಒಂದೇ ತಂತಿ, ಒಂದೇ ಸ್ವರ. ಹಾಡು ಎಷ್ಟೇ ಮೇಲಕ್ಕೆ ಹೋಗಲಿ, ಕೆಳಗಿಳಿಯಲಿ, ಆ ಸ್ವರ ಕದಲುವುದಿಲ್ಲ. ಆದ್ದರಿಂದ ಹಾಡುಗಾರನ ದನಿ ಅದರಿಂದ ಎಷ್ಟು ದೂರ ಸರಿದಿದೆ ಎಂಬುದು ಕಿವಿಗೆ ಪ್ರತಿ ಕ್ಷಣ ಗೊತ್ತಾಗುತ್ತಿರುತ್ತದೆ. ದೂರ ಸರಿದಷ್ಟೂ ಬಿಗಿ ಹೆಚ್ಚುತ್ತದೆ, ಮರಳಿ ಬಂದಾಗ ಸಡಿಲುತ್ತದೆ. ದಮ್ಮಡಿ ಒಂದೇ ಮುಖದ ವಾದ್ಯ. ಮರದ ಬಳೆಗೆ ಬಿಗಿದ ಚರ್ಮ. ಬಲಗೈ ಬೆರಳು ಹೊಡೆಯುತ್ತಿದ್ದರೆ, ಬಳೆ ಹಿಡಿದ ಎಡಗೈಯ ಬೆರಳು ಹಿಂದಿನಿಂದ ಚರ್ಮವನ್ನು ಒತ್ತಿ ಬಿಟ್ಟು ದನಿಯನ್ನು ಬಗ್ಗಿಸುತ್ತದೆ. ಮಳೆಗಾಲದಲ್ಲಿ ಚರ್ಮ ಸಡಿಲವಾದರೆ ಬೆಂಕಿಗೆ ಕಾಯಿಸಿಕೊಂಡು ಬರಬೇಕು. ತಾಳದ ಕಂಚು ಎಲ್ಲಕ್ಕಿಂತ ಮೇಲಿನ ಸ್ಥಾಯಿಯಲ್ಲಿ ಲೆಕ್ಕ ಇಡುತ್ತದೆ. ಹೀಗೆ ತಂತಿ, ಚರ್ಮ, ಲೋಹ ಮೂರೂ ಕಿವಿಯ ಬೇರೆ ಬೇರೆ ಎತ್ತರದಲ್ಲಿ ಕೂತಿರುವುದರಿಂದ ಒಂದರ ಕಾಲನ್ನು ಇನ್ನೊಂದು ತುಳಿಯುವುದಿಲ್ಲ. ನಡುವೆ ಅಗಲವಾದ ಒಂದು ಜಾಗ ಖಾಲಿ ಉಳಿಯುತ್ತದೆ. ಅದು ಮನುಷ್ಯನ ದನಿಯ ಜಾಗ.

ಆ ಖಾಲಿ ಜಾಗ ಕೊರತೆಯಲ್ಲ. ಮೂವರ ಯಾವ ತಂಡಕ್ಕೂ ಇದು ತಿಳಿದ ಸಂಗತಿ. 1996ರಲ್ಲಿ ಶುರುವಾದ ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡು ಹಲವು ವರ್ಷ ಗಿಟಾರ್, ಬೇಸ್, ಡ್ರಮ್ಸ್ ಇಷ್ಟರಲ್ಲೇ ನುಡಿಸಿತು. ಅಂಥ ಕಟ್ಟಿನಲ್ಲಿ ಗಿಟಾರು ಒಂಟಿಯಾಗಿ ಮೇಲೇರಿದಾಗ ಹಿಂದೆ ತುಂಬಿಕೊಡುವವರು ಯಾರೂ ಇರುವುದಿಲ್ಲ. ಬೇಸೂ ಡ್ರಮ್ಮೂ ತಮ್ಮ ಕೆಲಸದ ಜೊತೆ ಆ ತೆರಪನ್ನೂ ಹೊರಬೇಕು. ಮೇಳದಲ್ಲೂ ಅಷ್ಟೇ. ಸೊಲ್ಲೆತ್ತಿದವನು ಉಸಿರು ತೆಗೆದುಕೊಳ್ಳುವ ಗಳಿಗೆಯಲ್ಲಿ ದಮ್ಮಡಿ ಒಂದು ಹೊರಳು ಕೊಡುತ್ತದೆ, ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ. ಹಿಮ್ಮೇಳ ಪಲ್ಲವಿಗೆ ಬರುವುದು ಹಾಡುಗಾರನ ಕೊನೆಯ ಅಕ್ಷರ ಮುಗಿದ ಮೇಲಲ್ಲ, ಮುಗಿಯುವ ಮೊದಲೇ. ಎರಡು ದನಿ ಕ್ಷಣ ಮಾತ್ರ ಒಂದರ ಮೇಲೊಂದು ಬಿದ್ದು ಬೇರೆಯಾಗುತ್ತವೆ. ಆ ಕಿರಿದಾದ ಅತಿಕ್ರಮಣ ಸರಿಯಾಗಿ ಬಿದ್ದರೆ ಹಾಡಿಗೆ ಹಿಂದಿನಿಂದ ಯಾರೋ ನೂಕಿದಂಥ ವೇಗ ಬರುತ್ತದೆ. ನಿಜವಾದ ಲಯ ಏರದಿದ್ದರೂ ಏರಿದ ಹಾಗೆ ಕೇಳಿಸುತ್ತದೆ. ಇದನ್ನು ಆವೇಶ ಎಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಇದು ವರ್ಷಗಟ್ಟಲೆ ಜೊತೆ ಕೂತು ಒಬ್ಬರ ಉಸಿರು ಇನ್ನೊಬ್ಬರು ಕಲಿತವರ ಕೆಲಸ.

ಇನ್ನು ಗೋಡೆಯ ಮಾತು. ಈ ಸೀಮೆಯ ನೆಲದಡಿ ಇರುವುದು ಸುಣ್ಣದ ಕಲ್ಲು. ವಾಡಿ, ಶಹಾಬಾದ್, ಸೇಡಂ, ಮಳಖೇಡದ ಸಿಮೆಂಟು ಕಾರ್ಖಾನೆಗಳು ನಿಂತಿರುವುದು ಇದರ ಮೇಲೆ. ಊರ ಹೆಸರನ್ನೇ ಹೊತ್ತು ದೇಶವೆಲ್ಲ ಸುತ್ತಿದ ಶಹಾಬಾದ್ ಕಲ್ಲು ಬರುವುದೂ ಇಲ್ಲಿಂದಲೇ. ಜನ ಪರ್ಸಿ ಎನ್ನುವ ಈ ಕಲ್ಲು ಮನೆಯ ನೆಲವಾಗಿದೆ, ಕಟ್ಟೆಯಾಗಿದೆ, ಎಷ್ಟೋ ಕಡೆ ಗೋಡೆಯೂ ಮಾಳಿಗೆಯೂ ಆಗಿದೆ. ಅಮಾವಾಸ್ಯೆಯ ಭಜನೆ ನಡೆಯುವ ಗುಡಿಯ ಪಡಸಾಲೆ, ಮಠದ ಅಂಗಳ, ಸಾವಿನ ಮನೆಯಲ್ಲಿ ರಾತ್ರಿಯಿಡೀ ಪದ ಹಾಡುವ ಕೋಣೆ ಇವೆಲ್ಲ ಗಟ್ಟಿ ಕಲ್ಲಿನ ಜಾಗಗಳು. ನುಣುಪಾದ ಗಟ್ಟಿ ಕಲ್ಲು ತನಗೆ ತಗಲಿದ ದನಿಯಲ್ಲಿ ಬಲು ಸ್ವಲ್ಪವನ್ನು ಮಾತ್ರ ಹೀರಿ ಉಳಿದದ್ದನ್ನು ಹಿಂದಿರುಗಿಸುತ್ತದೆ. ಗೋಡೆ 4 ಮೀಟರ್ ದೂರದಲ್ಲಿದ್ದರೆ ದನಿ ಹೋಗಿ ಬರಲು ಹಿಡಿಯುವ ಕಾಲ ಒಂದು ಸೆಕೆಂಡಿನ 1000 ಪಾಲಿನಲ್ಲಿ ಸುಮಾರು 24 ಪಾಲು. ಇಷ್ಟು ಬೇಗ ಮರಳಿದ ದನಿಯನ್ನು ಕಿವಿ ಪ್ರತಿಧ್ವನಿ ಎಂದು ಬೇರೆ ಮಾಡಿ ಕೇಳುವುದಿಲ್ಲ. ಮೂಲದೊಂದಿಗೇ ಬೆಸೆದು, ಮೂಲವೇ ದಪ್ಪವಾಯಿತು, ಜೋರಾಯಿತು ಎಂದು ಗ್ರಹಿಸುತ್ತದೆ. ಮೂವರು ಕೂತು ಹಾಡಿದರೂ ಹತ್ತು ಜನರ ಭಾರ ಬರುವುದಕ್ಕೆ ಇದೊಂದು ಕಾರಣ. ದಮ್ಮಡಿಯ ಚಟಕು, ತಾಳದ ಅಂಚು ಮೊಂಡಾಗದೆ ಉಳಿಯುವುದೂ ಇದರಿಂದಲೇ.

1963ರ ಏಪ್ರಿಲ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ದಿ ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ ‘ಲೂಯಿ ಲೂಯಿ’ ಹಾಡನ್ನು ಸುಮಾರು 50 ಡಾಲರ್ ಖರ್ಚಿನಲ್ಲಿ ಮುದ್ರಿಸಿತು. ಮೈಕು ಮೇಲೆ ತೂಗಾಡುತ್ತಿದ್ದುದರಿಂದ ಹಾಡುಗಾರ ಕತ್ತೆತ್ತಿ ಅರಚಬೇಕಾಯಿತು. ಮಾತು ಎಷ್ಟು ಕಲಸಿಹೋಯಿತೆಂದರೆ, ಅದರಲ್ಲಿ ಅಶ್ಲೀಲವಿದೆಯೇ ಎಂದು ತನಿಖೆಗೆ ಇಳಿದ ಎಫ್‌ಬಿಐ ಕೂಡ ಏನೂ ಅರ್ಥವಾಗುತ್ತಿಲ್ಲವೆಂದು ಕೈಬಿಟ್ಟಿತು. ಕೋಣೆಯೇ ಒಂದು ವಾದ್ಯ ಎಂಬುದನ್ನು ಆ ಹಾಡು ತೋರಿಸಿಕೊಟ್ಟಿತು, ಅದರ ಬೆಲೆ ಏನೆಂಬುದನ್ನೂ ತೋರಿಸಿತು. ನಮ್ಮ ಮೇಳಗಳ ದನಿ ನನಗೆ ಅದಕ್ಕಿಂತ ಮೇಲೆ ಎನಿಸುವುದು ಇಲ್ಲಿಯೇ. ಮಾತನ್ನು ಬಲಿಕೊಟ್ಟು ಬಿರುಸು ಪಡೆಯುವ ಅವಕಾಶ ತತ್ವಪದಕ್ಕೆ ಇಲ್ಲ. ನುಡಿ ಕೇಳಿಸಲೇಬೇಕು, ಮೈಯೂ ಅಲುಗಬೇಕು. ಎರಡನ್ನೂ ಒಟ್ಟಿಗೆ ಸಾಧಿಸಬೇಕೆಂಬ ಹಟ ಇದ್ದುದರಿಂದಲೇ ದನಿಯ ನಡುವಿನ ಜಾಗ ಅಷ್ಟು ಎಚ್ಚರದಿಂದ ಖಾಲಿ ಉಳಿದಿದೆ.

ಪದವೇ ಮುಖ್ಯ, ದನಿ ಅದರ ವಾಹನ ಮಾತ್ರ ಎಂದು ಸಾಹಿತ್ಯದ ಕಡೆಯವರು ಹೇಳುತ್ತಾರೆ. ಈ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. 19ನೆಯ ಶತಮಾನದ ಕಡಕೋಳದ ಮಡಿವಾಳಪ್ಪ, ಅವರ ಬಳಗದ ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಬ, ತೆಲಗಬಾಳ ರೇವಪ್ಪ ಇವರೆಲ್ಲ ಜಾತಿ ಮತದ ಗೆರೆ ದಾಟಿ ಕಟ್ಟಿದ ಪದಗಳು ಓದಿಗೂ ನಿಲ್ಲುವಂಥವು. ಕನಕದಾಸ ಅಧ್ಯಯನ ಕೇಂದ್ರ ರಾಜ್ಯದ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ಹೊರತಂದದ್ದು ದೊಡ್ಡ ಕೆಲಸ. ಆದರೆ ಮುದ್ರಿತ ಪುಟದಲ್ಲಿ ಪಲ್ಲವಿ ಮೇಲೆ ಒಮ್ಮೆ ಬಂದು, ಆಮೇಲೆ ಪ್ರತಿ ನುಡಿಯ ಕೊನೆಗೆ ಅದರ ಮೊದಲ ಅಕ್ಷರವೋ ಒಂದು ಗುರುತೋ ಮಾತ್ರ ಉಳಿಯುತ್ತದೆ. ಹಾಡಿನಲ್ಲಿ ಅದೇ ಪಲ್ಲವಿ ಇಪ್ಪತ್ತು ಸಲ ಬರುತ್ತದೆ. ಬೆಡಗಿನ ಒಂದು ಸಾಲು ಮೊದಲ ಸಲ ಕೇಳಿದಾಗ ಬರಿಯ ವಿಚಿತ್ರ ಚಿತ್ರ. ಎರಡು ನುಡಿ ಕಳೆದು ಮರಳಿ ಬಂದಾಗ ಅದೇ ಸಾಲಿಗೆ ನಡುವೆ ಕೇಳಿದ್ದರ ಬೆಳಕು ತಗಲಿರುತ್ತದೆ. ಒಗಟು ಬಿಡಿಸಲು ಬೇಕಾದ ವೇಳೆಯನ್ನು ಕೇಳುಗನಿಗೆ ಕೊಡುವುದು ಆ ಮರಳುವಿಕೆ. ಆ ವೇಳೆಯಲ್ಲಿ ಅವನನ್ನು ಕೂತಲ್ಲಿ ಕೂರಿಸುವುದು ದಮ್ಮಡಿ. ದನಿಯನ್ನು ಕಳೆದರೆ ಅರ್ಥವಾಗುವ ಬಗೆಯೂ ಕಳೆಯುತ್ತದೆ.

ಹೆಚ್ಚು ತೂಕದ ಆಕ್ಷೇಪ ಬೇರೊಂದಿದೆ. ಒಂದು ತಂತಿ, ಒಂದು ಚರ್ಮ ಎಂದು ಮೆಚ್ಚುವುದು ಬಡತನವನ್ನು ಮೆಚ್ಚಿದಂತೆ ಅಲ್ಲವೇ? ಗಣಿಯಲ್ಲಿ, ಹೊಲದಲ್ಲಿ ದುಡಿದು ಬಂದವರ ಕೈಗೆ ನಾಲ್ಕು ಕಾಸು ಬಂದು ಕೀಬೋರ್ಡು, ರಿದಮ್ ಪ್ಯಾಡು, ಎಕೋ ಇರುವ ಮಿಕ್ಸರು ಕೊಂಡರೆ ಬೇಡವೆನ್ನಲು ವಿಮರ್ಶಕ ಯಾರು? ಕೊಳ್ಳುವ ಹಕ್ಕನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ಆದರೆ ಕೊಂಡದ್ದು ಹಾಡಿಗೆ ಏನು ಮಾಡಿತು ಎಂದು ಹೇಳುವುದು ವಿಮರ್ಶೆಯ ಕರ್ತವ್ಯ. ಬಡವರ ಸಂಗೀತವೆಂದು ಆ ಮಾತನ್ನು ನುಂಗಿಕೊಳ್ಳುವುದು ಅವರನ್ನು ಕಲಾವಿದರೆಂದು ಒಪ್ಪದಿರುವ ಇನ್ನೊಂದು ರೀತಿ. ಕೀಬೋರ್ಡಿನ ಉದ್ದ ಸ್ವರಗಳು ದನಿಗೆಂದು ಬಿಟ್ಟ ಜಾಗದಲ್ಲೇ ಬಂದು ಕೂರುತ್ತವೆ, ಹಾಡುಗಾರ ಅದನ್ನು ದಾಟಲು ಕಿರುಚತೊಡಗುತ್ತಾನೆ. ಪ್ಯಾಡಿನ ಲಯ ಯಂತ್ರದ್ದಾದರೆ ಹಿಮ್ಮೇಳದ ಆ ಅತಿಕ್ರಮಣಕ್ಕೆ ಜಾಗವಿಲ್ಲ. ಎಲ್ಲರೂ ಗೆರೆಯ ಮೇಲೆ ಕಾಲಿಟ್ಟು ನಡೆಯಬೇಕು. ಎಲ್ಲಕ್ಕಿಂತ ಕೆಡುಕು ಎಕೋದ್ದು. ಅದು ಗೋಡೆಯ ಹಾಗೆ 24 ಪಾಲಿನಲ್ಲಿ ಮರಳುವುದಿಲ್ಲ, 200, 300 ಪಾಲು ತಡೆದು ಮರಳುತ್ತದೆ. ಅಷ್ಟರಲ್ಲಿ ಮುಂದಿನ ಅಕ್ಷರ ಬಂದಿರುತ್ತದೆ, ನುಡಿ ನುಡಿಯ ಮೇಲೆ ಬಿದ್ದು ಅರ್ಥ ಅಳಿಸಿಹೋಗುತ್ತದೆ. ಕಲ್ಲಿನ ಕೋಣೆ ಪುಕ್ಕಟೆಯಾಗಿ ಕೊಟ್ಟ ಗಟ್ಟಿತನವನ್ನು ತೆರೆದ ಪೆಂಡಾಲಿನಲ್ಲಿ ಕಳೆದುಕೊಂಡು, ಅದರ ಬದಲಿಗೆ ಎಕೋ ತಿರುಗಿಸುತ್ತಾರೆ. ಆ ಗಟ್ಟಿತನ ಎಕೋದಿಂದ ಮರಳುವುದಿಲ್ಲ. ಮೈಕಿನ ಮೇಲೆ ನನಗೆ ಯಾವ ವಿರೋಧವೂ ಇಲ್ಲ. ಮೂವರ ನಡುವೆ ಒಂದೇ ಮೈಕು ಇಟ್ಟು, ಎಕೋ ಪೂರ್ತಿ ಇಳಿಸಿದರೆ ಮೇಳದ ಸಮತೂಕ ಬಹುಮಟ್ಟಿಗೆ ಉಳಿಯುತ್ತದೆ. ಯಾರು ಎಷ್ಟು ಹತ್ತಿರ ಕೂರಬೇಕು ಎಂಬುದನ್ನು ಹಾಡುವವರೇ ಕಿವಿಯಿಂದ ನಿರ್ಧರಿಸುತ್ತಾರೆ.

ಸಾಧನೆಯ ಹಾಡನ್ನು ರಾಕ್ ಸಂಗೀತದ ಪಕ್ಕ ಇಡುವುದೇ ಅಪಚಾರ ಎನ್ನುವವರಿಗೆ ಉತ್ತರ ತತ್ವಪದದ ಪರಂಪರೆಯಲ್ಲೇ ಇದೆ. ಅದು ಧಾಟಿಯ ವಿಷಯದಲ್ಲಿ ಎಂದೂ ಮಡಿ ಮಾಡಲಿಲ್ಲ. ಬಯಲಾಟ, ಮೊಹರಂನ ರಿವಾಯತ್, ಕೆಲಸದ ಹಾಡು, ಕೊನೆಗೆ ಸಿನಿಮಾ ಹೀಗೆ ಎಲ್ಲಿಂದ ಬೇಕಾದರೂ ಧಾಟಿ ತಂದುಕೊಂಡಿದೆ. ಕನ್ನಡ, ಉರ್ದು, ತೆಲುಗು, ಲಂಬಾಣಿ ನಿತ್ಯ ಬೆರೆಯುವ ಚಿಂಚೋಳಿ, ಸೇಡಂ ಗಡಿಯಲ್ಲಿ ಹಾಡಿಗೆ ಶುದ್ಧ ಕುಲ ಹುಡುಕುವುದು ಆ ಹಾಡಿನ ಸ್ವಭಾವಕ್ಕೇ ವಿರುದ್ಧ.

ಹೀಗೆಂದು ಈ ಮೇಳಗಳಲ್ಲಿ ಕುಂದಿಲ್ಲ ಎಂದಲ್ಲ. ಮೊದಲನೆಯದು ಅವಸರ. ಒಳ್ಳೆಯ ಮೇಳ ಒಂದು ಪದದಲ್ಲಿ ಲಯವನ್ನು ತಡೆದು ತಡೆದು ಕೊನೆಯ ನುಡಿಗೆ, ಅಂಕಿತ ಬರುವ ಹೊತ್ತಿಗೆ ಬಿಡುತ್ತದೆ. ಸಾಧಾರಣ ಮೇಳ ಎರಡನೆಯ ನುಡಿಗೇ ದುಪ್ಪಟ್ಟಿಗೆ ಹಾರಿ, ಮುಂದೆ ಏರಲು ಮೆಟ್ಟಿಲಿಲ್ಲದೆ ಅಲ್ಲೇ ಏದುಸಿರು ಬಿಡುತ್ತದೆ. ಸ್ಪರ್ಧೆಯ ವೇದಿಕೆಗಳು ಈ ಚಟವನ್ನು ಹೆಚ್ಚಿಸಿವೆ: ಕೆಲವೇ ನಿಮಿಷದಲ್ಲಿ ಚಪ್ಪಾಳೆ ಬೇಕೆಂದರೆ ತಡೆಯುವ ತಾಳ್ಮೆ ಎಲ್ಲಿಂದ ಬರಬೇಕು? ಎರಡನೆಯದು ದಮ್ಮಡಿಗೆ ಚರ್ಮದ ಬದಲು ಫೈಬರ್ ಹಾಕುವುದು. ಮಳೆಗೆ ಸಡಿಲವಾಗದು ಎಂಬ ಅನುಕೂಲ ನಿಜ. ಎಡಗೈ ಬೆರಳಿಗೆ ಅದು ಬಗ್ಗುವುದಿಲ್ಲ ಎಂಬುದೂ ಅಷ್ಟೇ ನಿಜ. ಮೂರನೆಯದು ಎಲ್ಲಕ್ಕಿಂತ ದೊಡ್ಡ ಲೋಪ. ಗಂಡಸರು ಏರುದನಿಯಲ್ಲಿ ಹಾಡಲೆಂದು ಗೊತ್ತುಮಾಡಿದ ಶ್ರುತಿಯನ್ನೇ ಹೆಂಗಸರ ಮೇಳಗಳೂ ಹಾರ್ಮೋನಿಯಂ ಜೊತೆಗೆ ಒಪ್ಪಿಕೊಂಡಾಗ, ಅವರ ದನಿ ತನ್ನ ಗಟ್ಟಿ ಜಾಗ ಬಿಟ್ಟು ಕೆಳಗೆಲ್ಲೋ ಗೊಣಗುತ್ತದೆ. ಅದನ್ನೇ ಕೇಳಿ ಹೆಂಗಸರ ಭಜನೆಗೆ ಬಿರುಸು ಸಾಲದು ಎನ್ನುತ್ತೇವೆ. ಏಕತಾರಿಯಲ್ಲಿ ಈ ತೊಡಕೇ ಇಲ್ಲ. ಬಿರಡೆ ತಿರುಗಿಸಿ ಹಾಡುವವಳ ದನಿಗೆ ತಂತಿಯನ್ನು ಹೊಂದಿಸಿದರೆ ಮುಗಿಯಿತು. ಹಾರ್ಮೋನಿಯಂ ಬದಿಗಿಟ್ಟು ಏಕತಾರಿ, ದಮ್ಮಡಿ, ತಾಳದೊಂದಿಗೆ ಮೂವರು ಹೆಂಗಸರು ಪರ್ಸಿಕಲ್ಲಿನ ಪಡಸಾಲೆಯಲ್ಲಿ ಕೂತು ಒಂದು ಪದವನ್ನು ಮೊದಲ ಸೊಲ್ಲಿನಿಂದ ಅಂಕಿತದವರೆಗೆ, ಎಕೋ ಇಲ್ಲದ ಒಂದು ಮೈಕಿನಲ್ಲಿ, ತುಂಡರಿಸದೆ ಹಾಡಿದ್ದನ್ನು ನಮ್ಮ ಆಕಾಶವಾಣಿ, ಅಕಾಡೆಮಿ, ವಿಶ್ವವಿದ್ಯಾಲಯಗಳು ಮುದ್ರಿಸಿಕೊಳ್ಳಬೇಕು. ಅದಕ್ಕೆ ಹೊಸ ಯಂತ್ರವೂ ಬೇಡ, ದೊಡ್ಡ ಅನುದಾನವೂ ಬೇಡ; ಒಂದು ರಾತ್ರಿಯ ಬಿಡುವು ಸಾಕು.