ಕಿವಿ ಮುಚ್ಚಿದ, ಓಡಲಿಲ್ಲ: ಒಂದು ನೋಟ್‌ಬುಕ್ಕಿನ ಸಾಲುಗಳಿಗೆ ವ್ಯಾಖ್ಯಾನ

ಬೆಂಗಳೂರಿನ ಮಹದೇವಪುರದ ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೊಂದು ನೋಟ್‌ಬುಕ್ ಇದೆ. ಮಗನಿಗೆ ಆಟಿಸಂ. ಅವನಿಗೆ ಸೌಂಡ್ ಥೆರಪಿ ಮಾಡಿಸುವ ಮೊದಲಿನಿಂದಲೂ ಅದರಲ್ಲಿ ಬರೆಯುತ್ತ ಬಂದಿದ್ದೇನೆ. ಇದೇ ಥೆರಪಿಯ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರಿಗಾಗಿ ಅದರ ಕೆಲವು ಸಾಲುಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

“ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಬಾಲ್ಕನಿಗೆ ಓಡ್ತಾನೆ. ಪ್ರತಿ ಸಲ. ಕುಕ್ಕರ್ ಕೂಗಿದರೆ ಓಡಲ್ಲ.”

ಇದು ಥೆರಪಿಗೆ ಮುಂಚೆ ಬರೆದದ್ದು. ಇಡೀ ಪುಸ್ತಕದಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಸಾಲು ಇದೇ. ಯಾವ ಸದ್ದು, ಅದಕ್ಕೆ ಅವನು ಏನು ಮಾಡುತ್ತಾನೆ, ಎಷ್ಟು ಸಲ ಮಾಡುತ್ತಾನೆ, ಮೂರೂ ಇದರಲ್ಲಿವೆ. ‘ಸದ್ದು ಕಂಡರಾಗಲ್ಲ’ ಎಂದಷ್ಟೇ ಬರೆದಿದ್ದರೆ ಆಮೇಲೆ ಹೋಲಿಸಿ ನೋಡಲು ಏನೂ ಉಳಿಯುತ್ತಿರಲಿಲ್ಲ. ಕುಕ್ಕರಿನ ಮಾತೂ ಮುಖ್ಯ. ಜೋರಾದ ಸದ್ದೆಲ್ಲ ಅವನಿಗೆ ಹಿಂಸೆಯಲ್ಲ, ಕೆಲವು ಮಾತ್ರ.

ಇದರ ಜೊತೆಗೆ ಎಟೆಕ್ ಎಂಬ ಪ್ರಶ್ನಾವಳಿಯನ್ನೂ ತುಂಬಿಟ್ಟಿದ್ದೆ. ಅಮೆರಿಕದ ಬರ್ನಾರ್ಡ್ ರಿಮ್‌ಲ್ಯಾಂಡ್ ಮತ್ತು ಸ್ಟೀಫನ್ ಎಡೆಲ್ಸನ್ 1999ರಲ್ಲಿ ರೂಪಿಸಿದ್ದು ಅದು. ಮಾತು, ಜನರೊಂದಿಗೆ ಬೆರೆಯುವುದು, ಇಂದ್ರಿಯ ಮತ್ತು ಗ್ರಹಿಕೆ, ಆರೋಗ್ಯ ಮತ್ತು ವರ್ತನೆ ಎಂದು ನಾಲ್ಕು ಭಾಗ, ಒಟ್ಟು 77 ಪ್ರಶ್ನೆ. ಅಂಕ ಇಳಿದಷ್ಟೂ ಒಳ್ಳೆಯದು. ಸಾಮಾನ್ಯವಾಗಿ ತುಂಬುವವರು ಹೆತ್ತವರೇ. ಹಣ ಕಟ್ಟಿ, ಆಸೆ ಇಟ್ಟುಕೊಂಡವರೇ ಅಂಕ ಹಾಕುತ್ತೇವೆ ಎಂಬುದು ನೆನಪಿರಬೇಕು.

“ಬೆಳಿಗ್ಗೆ ಒಂದು, ಸಂಜೆ ಒಂದು, ಅರ್ಧರ್ಧ ಗಂಟೆ. ಹೆಡ್‌ಫೋನ್ ತಾನೇ ಹಾಕಿಕೊಂಡ.”

ಇದು ಎಐಟಿ ಎಂದು ಕರೆಯುವ ವಿಧಾನ. ಫ್ರಾನ್ಸಿನ ಕಿವಿ ಮೂಗು ಗಂಟಲು ತಜ್ಞ ಗೀ ಬೆರಾರ್ ರೂಪಿಸಿದ್ದು. 1982ರಲ್ಲಿ ಆ ಬಗ್ಗೆ ಪುಸ್ತಕ ಬರೆದರು. ಯಂತ್ರವೊಂದು ಹಾಡಿನ ಕೆಲವು ಧ್ವನಿ ತರಂಗಗಳನ್ನು ಸೋಸಿ, ಏರುಪೇರು ಮಾಡಿ ಕಿವಿಗೆ ಬಿಡುತ್ತದೆ. 10 ದಿನ, ಒಟ್ಟು 10 ಗಂಟೆ. ಅಮೆರಿಕದ ಆ್ಯನಬೆಲ್ ಸ್ಟೆಹ್ಲಿ ಎಂಬ ತಾಯಿ ಈ ಚಿಕಿತ್ಸೆಯಿಂದ ಮಗಳು ಚೇತರಿಸಿಕೊಂಡ ಕಥೆಯನ್ನು 1991ರಲ್ಲಿ ಪುಸ್ತಕವಾಗಿ ಬರೆದ ಮೇಲೆ ಇದು ಹೆತ್ತವರ ನಡುವೆ ಪ್ರಸಿದ್ಧವಾಯಿತು. ತಾಯಿಯೊಬ್ಬಳ ಮಾತು ಇನ್ನೊಬ್ಬ ತಾಯಿಗೆ ನಾಟಿದಷ್ಟು ಡಾಕ್ಟರ ಮಾತು ನಾಟುವುದಿಲ್ಲ. ನಾವು ಹೋದದ್ದೂ ಹಾಗೆ ಬಾಯಿಂದ ಬಾಯಿಗೆ ಬಂದ ಮಾತು ಕೇಳಿಯೇ. ಯಾರೇ ಹೋದರೂ ಮೊದಲು ಆಡಿಯಾಲಜಿಸ್ಟ್ ಹತ್ತಿರ ಮಗುವಿನ ಕಿವಿ ಪರೀಕ್ಷೆ ಮಾಡಿಸಿ. ಅವರು ಹೇಳಿದರೆ, ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುವುದನ್ನು ಅಳೆಯುವ ಬೇರಾ ಟೆಸ್ಟ್ ಕೂಡ.

“ರಾತ್ರಿ ನಿದ್ದೆ ಇಲ್ಲ, ತುಂಬಾ ಸಿಟ್ಟು. ಸೆಂಟರ್‌ನವರು ‘ಕೆಲಸ ಮಾಡ್ತಿದೆ ಅಂತ ಅರ್ಥ ಮೇಡಂ’ ಅಂದ್ರು.”

ಮಗು ಶಾಂತವಾದರೆ ಥೆರಪಿಯಿಂದ, ರೇಗಾಡಿದರೂ ಥೆರಪಿಯಿಂದಲೇ. ಹೀಗಾದರೆ ಅದು ಕೆಲಸ ಮಾಡಲಿಲ್ಲ ಎಂದು ತೋರಿಸುವ ದಿನ ಬರುವುದೇ ಇಲ್ಲ. ಅಂದು ಈ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದಿಟ್ಟದ್ದಕ್ಕೆ ಇವತ್ತು ನನಗೆ ಸಮಾಧಾನವಿದೆ. ನಿದ್ದೆಗೆಟ್ಟದ್ದು ಮಗುವಿಗೆ ಆದ ತೊಂದರೆ; ಅದನ್ನು ತೊಂದರೆ ಎಂದೇ ಬರೆಯಬೇಕು.

“ಮೆಟ್ರೋ. ಗರುಡಾಚಾರ್‌ಪಾಳ್ಯದಿಂದ ಕೆ.ಆರ್. ಪುರದವರೆಗೆ ಕೂತೇ ಇದ್ದ. ಬಾಗಿಲು ಮುಚ್ಚುವಾಗ ಬರುವ ಬೀಪ್‌ಗೆ ಮಾತ್ರ ಕಿವಿ ಮುಚ್ಚಿದ.”

ಥೆರಪಿ ಮುಗಿದು ಕೆಲವು ತಿಂಗಳಾದ ಮೇಲಿನ ಸಾಲು. ನಡುವೆ ಸಿಂಗಯ್ಯನಪಾಳ್ಯ ಒಂದೇ ಸ್ಟೇಷನ್, ನಿಮಿಷಗಳ ದಾರಿ. ಆದರೂ ಅಂದು ಮನೆಮಂದಿಗೆಲ್ಲ ಹಬ್ಬ. ಮೊದಲ ಸಲ ಕರೆದೊಯ್ದಾಗ ಪ್ಲಾಟ್‌ಫಾರ್ಮಿನಿಂದಲೇ ವಾಪಸು ಬಂದಿದ್ದೆವು. ಈಗ ಕಿಟಕಿಗೆ ಹಣೆ ಒತ್ತಿಕೊಂಡು, ಕೆಳಗೆ ಹೋಗುವ ಬಸ್ಸುಗಳನ್ನು ಬೆರಳಲ್ಲಿ ಹಿಂಬಾಲಿಸುತ್ತ ಕೂತಿದ್ದ. ಬೀಪ್ ಬಂದಾಗ ಎರಡೂ ಅಂಗೈ ಕಿವಿಗೆ ಹೋದವು, ಬಾಗಿಲು ಮುಚ್ಚಿದ ಮೇಲೆ ಕೆಳಗಿಳಿದವು.

ಇದು ಎಐಟಿಯ ಫಲವೇ? ಅದೇ ತಿಂಗಳುಗಳಲ್ಲಿ ಸ್ಪೀಚ್ ಥೆರಪಿ ನಡೆಯುತ್ತಿತ್ತು, ಒಟಿ (ಆಕ್ಯುಪೇಷನಲ್ ಥೆರಪಿ) ನಡೆಯುತ್ತಿತ್ತು, ಶಾಲೆಯಲ್ಲಿ ಹೊಸ ಟೀಚರ್ ಬಂದಿದ್ದರು. ಅವನಿಗೆ ವಯಸ್ಸೂ ಏರಿತ್ತು. ನಮ್ಮಲ್ಲಿ ಧೈರ್ಯ ಬಂದು ಅವನನ್ನು ಹೊರಗೆ ಕರೆದೊಯ್ಯುವುದೂ ಹೆಚ್ಚಿತ್ತು. ಇಷ್ಟೆಲ್ಲದರಲ್ಲಿ ಹೆಡ್‌ಫೋನಿನ ಪಾಲು ಎಷ್ಟೆಂದು ಒಂದು ಮನೆಯ ನೋಟ್‌ಬುಕ್ ಹೇಳಲಾರದು. ಅದಕ್ಕೆ ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಆಸ್ಟ್ರೇಲಿಯಾದಲ್ಲಿ ಸ್ಯೂ ಬೆಟಿಸನ್ ಅದನ್ನೇ ಮಾಡಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. 80 ಮಕ್ಕಳಲ್ಲಿ ಕೆಲವರಿಗೆ ಯಂತ್ರ ಸೋಸಿದ ಹಾಡು, ಉಳಿದವರಿಗೆ ಅದೇ ಹಾಡು, ಇದ್ದದ್ದು ಇದ್ದ ಹಾಗೆ. ಎರಡೂ ಗುಂಪು ಸುಧಾರಿಸಿದವು. ಬರೀ ಹಾಡು ಕೇಳಿದವರೂ! 2011ರ ಕಾಕ್ರೇನ್ ವಿಮರ್ಶೆ ಇಂಥ ಏಳು ಪ್ರಯೋಗಗಳನ್ನು, ಒಟ್ಟು 182 ಮಂದಿಯನ್ನು, ಒಟ್ಟಿಗೆ ಇಟ್ಟು ನೋಡಿತು. ಧ್ವನಿ ಚಿಕಿತ್ಸೆಯನ್ನು ಬೆಂಬಲಿಸುವಷ್ಟು ಪುರಾವೆ ಇಲ್ಲ ಎಂದಿತು.

ಇದನ್ನು ಓದಿದ ರಾತ್ರಿ ಬೇಸರವಾಯಿತು. ಆದರೆ ಮಗ ಮೆಟ್ರೋದಲ್ಲಿ ಕೂತದ್ದು ಸುಳ್ಳಾಗಲಿಲ್ಲವಲ್ಲ. ಯಾವುದರಿಂದ ಎಂಬುದಷ್ಟೇ ಇತ್ಯರ್ಥವಾಗದೆ ಉಳಿಯಿತು. ಹಾಗಾಗಿ ಆ ಸಾಲಿನ ಪಕ್ಕ ‘ಕಾರಣ’ ಎಂಬ ಜಾಗ ಖಾಲಿ ಇದೆ.

“ಅಜ್ಜಿ: ‘ಈಗ ಕರೆದ್ರೆ ತಿರುಗ್ತಾನೆ ನೋಡೇ.’”

ಅಜ್ಜಿಯ ಮಾತಲ್ಲಿ ಪ್ರೀತಿಯಿದೆ, ಸಾಕ್ಷ್ಯವಿಲ್ಲ. ಥೆರಪಿಯ ವಿಷಯ ಅವರಿಗೆ ಗೊತ್ತಿತ್ತು. ಆಟೋದ ಅಣ್ಣನಿಗೆ ಗೊತ್ತಿರಲಿಲ್ಲ, ಟೀಚರಿಗೂ ಹೇಳಿರಲಿಲ್ಲ. ‘ಇತ್ತೀಚೆಗೆ ಹೇಗಿದ್ದಾನೆ?’ ಎಂದಷ್ಟೇ ಅವರನ್ನು ಕೇಳುತ್ತಿದ್ದೆ. ಅವರಾಗಿಯೇ ಹೇಳಿದ್ದು ಹೆಚ್ಚು ತೂಕದ್ದು. ಮನೆಯಲ್ಲಿ ನೋಡುವುದಾದರೆ ಬೆನ್ನ ಹಿಂದೆ ನಿಂತು, ಕೈಯಲ್ಲಿ ಬಿಸ್ಕತ್ತು ಇಲ್ಲದೆ ಕರೆಯಬೇಕು. ಎಷ್ಟು ಸಲ ಕರೆದೆವು, ಎಷ್ಟು ಸಲ ತಿರುಗಿದ ಎಂದು ಎರಡೂ ಬರೆಯಬೇಕು.

“ಐಸಾ ಮತ್ತೆ ಮಾಡಿಸಬೇಕಾ?”

ಬೇಡ. ಐಸಾ 40 ಅಂಶಗಳ ಭಾರತೀಯ ಮಾಪನ. 70ರಿಂದ 106 ಅಂಕ ಬಂದರೆ ಅಲ್ಪ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬೇಕು. ತಿಂಗಳ ಏರಿಳಿತ ಅಳೆಯಲು ಅದು ಸಲ್ಲದು.

“ಬೀದಿ ಗಣಪತಿ ವಿಸರ್ಜನೆ, ತಮಟೆ. ಕಿವಿ ಮುಚ್ಚಿದ, ಓಡಲಿಲ್ಲ. ನನ್ನ ಸೆರಗು ಎಳೆದು ‘ಸಾಕು’ ಅಂದ.”

ಓದಿದವರೆಲ್ಲ ‘ಓಡಲಿಲ್ಲ’ ಎಂಬುದನ್ನೇ ಗೆಲುವು ಅನ್ನುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ‘ಸಾಕು’. ತಮಟೆ ಅವನಿಗೆ ಈಗಲೂ ನೋವೇ. ಆ ನೋವನ್ನು ಸಹಿಸಲಿ ಎಂದು ನಾನು ಬಯಸಬಾರದು. ಬಂದದ್ದು ಹೇಳುವ ದಾರಿ. ಆ ಮಾತು ಹೆಡ್‌ಫೋನಿನಿಂದ ಬಂದದ್ದಲ್ಲ ಎಂದು ಇಲ್ಲಿ ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಸ್ಪೀಚ್ ಮೇಡಂ ಚಿತ್ರದ ಕಾರ್ಡ್ ಹಿಡಿದು, ಅವನು ತಟ್ಟೆ ತಳ್ಳಿದಾಗಲೆಲ್ಲ, ಉಯ್ಯಾಲೆ ನಿಲ್ಲಿಸಿದಾಗಲೆಲ್ಲ ಅದನ್ನೇ ಹೇಳಿಸಿದ್ದರು. ಮೊದಲು ಕಾರ್ಡ್ ತೋರಿಸಿದ, ಆಮೇಲೆ ‘ಸಾ’ ಅಂದ, ಆಮೇಲೆ ಪೂರ್ತಿ. ಮೂರೂ ಹಂತ ತಾರೀಖಿನ ಸಮೇತ ಇದೇ ಪುಸ್ತಕದಲ್ಲಿವೆ.

ಅಂದು ತಮಟೆಯಿಂದ ದೂರ, ಪಕ್ಕದ ಓಣಿಗೆ ಕರೆದುಕೊಂಡು ಹೋದೆ. ಸಾಕು ಅಂದರೆ ನಿಲ್ಲುತ್ತದೆ ಎಂದು ಅವನಿಗೆ ತಿಳಿಯಬೇಕಲ್ಲ. ಇನ್ನೊಂದು ಸುತ್ತು ಸೌಂಡ್ ಥೆರಪಿಗೆ ಬನ್ನಿ ಎಂದು ಸೆಂಟರ್‌ನಿಂದ ಫೋನ್ ಬಂದಾಗ ಬೇಡವೆಂದೆವು. ಆ ದುಡ್ಡಲ್ಲಿ ಸ್ಪೀಚ್ ಕ್ಲಾಸ್ ಹೆಚ್ಚಿಸಿದ್ದೇವೆ.